ಕುಕ್ಕರಿಗೆ ಬಿದ್ದ ಹೆಪ್ಪು

"ಇಂದು ಈ ಅಡುಗೆಮನೆಯಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಉಳಿದರೂ ನಾನು ಸೂಕ್ಷ್ಮಜೀವಶಾಸ್ತ್ರದ ಮೇಷ್ಟ್ರೇ ಅಲ್ಲ!"

ಶನಿವಾರ ಕುಮಟಾದ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎಸ್ಸಿ.ಯವರಿಗೆ ಕ್ರಿಮಿನಾಶದ ಪಾಠ ಮಾಡಿ ಬಂದವನು ಹೀಗೆ ಶಪಥಗೈದೆ. ಹೆಂಡತಿ ಶ್ರೀಗೌರಿ ಹೊನ್ನಾವರದ ತವರಿಗೆ ಹೋಗಿದ್ದಳು. ಇಲ್ಲದಿದ್ದರೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು!

ಪ್ರಯೋಗಾಲಯಕ್ಕೆ ಆಟೋಕ್ಲೇವ್, ಮನೆಗೆ ಕುಕ್ಕರ್. ಒತ್ತಡದ ಹಬೆಯೆದುರು ಯಾವ ಜೀವಾಣುವೂ ನಿಲ್ಲದು! ಸೌಟು, ಲೋಟ, ಮುಚ್ಚಳವಿದ್ದ ಪುಟ್ಟ ಸ್ಟೀಲ್ ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ ಸೀಟಿ ಹೊಡೆಸಿದೆ. ಅಷ್ಟರಲ್ಲಿ ಶ್ರೀಗೌರಿಯ ಫೋನ್.

"ಬಸ್ಸು ಹತ್ತಾತು. ಆಯಿನೂ ಬತ್ತಾ ಇದ್ದು. ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಇದ್ದು, ಹಾಲಿಗೆ ಹಾಕಿಡಿ."

ಕುಕ್ಕರ್ ಆರಿಸಿ, ಹಬೆ ಬಿಟ್ಟು, ಡಬ್ಬಿ ತೆರೆದೆ. ಮೇಲೆ ನೀರು, ತಳದಲ್ಲಿ ರಬ್ಬರಿನಂಥ ಗಡ್ಡೆ. ಹಾಲನ್ನು ಮೊಸರು ಮಾಡುವ ಕೋಟಿಗಟ್ಟಲೆ ಲ್ಯಾಕ್ಟೋಬ್ಯಾಸಿಲಸ್ ಹುತಾತ್ಮರಾಗಿದ್ದರು!

ಅದು ಬರೀ ಮೊಸರಲ್ಲ. ಮದುವೆಯಾದ ವರ್ಷ ಈ ಆಯಿ, ಅಂದರೆ ನನ್ನ ಅತ್ತೆ, ಮಗಳ ಕೈಗಿಟ್ಟ ಹೆಪ್ಪು. ಶ್ರೀಗೌರಿ ಒಂದು ದಿನವೂ ತಪ್ಪಿಸದೆ ಉಳಿಸಿಕೊಂಡು ಬಂದಿದ್ದಳು. ಪ್ಯಾಕೆಟ್ ಮೊಸರು ತಂದಿಟ್ಟರೆ ಅತ್ತೆಗೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತದೆ. ಉಳಿದ ದಾರಿ ಒಂದೇ: ಪಕ್ಕದ ಮನೆಯ ನರ್ಮದಕ್ಕ. ಆಕೆ ಹೆಪ್ಪು ಒಯ್ದದ್ದು ನಮ್ಮಲ್ಲಿಂದಲೇ. ಬಟ್ಟಲು ಹಿಡಿದು ಓಡಿದೆ.

"ದೀಪ ಹಚ್ಚಾತು ತಮಾ. ಇನ್ನು ಮೊಸರು ಹೊರಗೆ ಕೊಡ್ತ್ವಿಲ್ಲೆ."

"ನರ್ಮದಕ್ಕ, ಸೂಕ್ಷ್ಮಜೀವಿಗೆ ಹೊತ್ತು ಮುಳುಗಿದ್ದು ಗೊತ್ತಾಗ್ತಿಲ್ಲೆ!"

"ಅದಕ್ಕೆ ಗೊತ್ತಿಲ್ಲೆ. ಯಂಗೆ ಗೊತ್ತಿದ್ದು. ಬೆಳಿಗ್ಗೆ ಬಾ."

"ಒಂದೇ ಚಮಚ!"

ಬಾಗಿಲು ಮುಚ್ಚಿತು. ಗೇಟಿನ ಬಳಿ ಆಟೋ ನಿಂತಿತು. ಖಾಲಿ ಬಟ್ಟಲು ಹಿಡಿದು ನಿಂತ ನನ್ನನ್ನು ತಾಯಿ ಮಗಳು ಇಬ್ಬರೂ ನೋಡಿದರು.

"ಎಂತ ಆತು?" ಎಂದಳು ಶ್ರೀಗೌರಿ.

ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಡಬ್ಬಿಯನ್ನು ನೋಡುತ್ತ, "ಬಾಣಂತನಕ್ಕೆ ಹೋದಾಗ್ಲೂ ಜೊತಿಗೆ ತಗಂಡು ಹೋಗಿದ್ದೆ" ಎಂದಳು. ಕಣ್ಣು ತುಂಬಿತ್ತು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆ ರಾತ್ರಿ ಮೂವರೂ ಸಾರನ್ನ ಉಂಡು ಎದ್ದೆವು.

ಬೆಳಿಗ್ಗೆ ಅತ್ತೆಯೇ ಹೋಗಿ ನರ್ಮದಕ್ಕನಿಂದ ಹೆಪ್ಪು ತಂದರು. ಉಗುರುಬೆಚ್ಚಗಿನ ಹಾಲಿಗೆ ಹಾಕಿ, ಮುಚ್ಚಿ, ನನ್ನತ್ತ ತಿರುಗಿದರು.

"ಅಳಿಯಂದಿರೇ, ಇದು ಮೊಸರು ಅಪ್ಪವರೆಗೂ ನಿಂಗ ಕಾಲೇಜಿಗೆ ಹೋಗಿ ಬನ್ನಿ."

"ಇವತ್ತು ಭಾನುವಾರ, ಅತ್ತೆ!"

"ಅಡ್ಡಿಲ್ಲೆ. ಗೇಟಿನ ಹೊರಗೇ ಕೂತ್ಗಳಿ!"