ಕಾಕಾನ ಹೆಸರಿನ ಇಸಿಜಿ

ನಮ್ಮ ಕಾಕಾನಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿಸುವ ಸಕ್ಕರೆ ಕಾಯಿಲೆಯವರು ಟಿಕೋಟಾದಲ್ಲಿ ಇನ್ನೊಬ್ಬರಿರಲಿಲ್ಲ. ಮಾಡಿಸುವ ಎಂದೆ, ಮಾಡುವ ಎನ್ನಲಿಲ್ಲ! ಬಬಲೇಶ್ವರದ ಮದುವೆಯೊಂದರಲ್ಲಿ "ಸಕ್ರಿ ಬ್ಯಾನಿ ಬಂದೀತು, ಹುಷಾರ್ರಿ" ಎಂದು ಬೀಗರನ್ನು ಹೆದರಿಸಿ, ಅವರ ಪಾಲಿನ ಹೋಳಿಗೆಯನ್ನೂ ತಮ್ಮ ಎಲೆಗೇ ಬಡಿಸಿಕೊಂಡವರು. ನಾನು ಕಣ್ಣರಳಿಸಿ ಅವರನ್ನೇ ನೋಡಿದೆ.

"ಮ್ಯಾಲೆ ತುಪ್ಪಾ ಹಾಕಿದ್ರ ಸಕ್ರಿ ಸುಮ್ಮನಿರತೈತಲೇ!"

ಎಪ್ಪತ್ತರ ದಶಕದ ಮಾತು. ವಿಜಾಪುರದ ಡಾಕ್ಟರು ಒಮ್ಮೆ ಅವರಿಗೆ, "ಸಕ್ರಿ ಬ್ಯಾನಿ ಇದ್ದವರಿಗೆ ಎದಿ ಕೆಟ್ಟಿದ್ದು ಗೊತ್ತಾಗೂದಿಲ್ರಿ. ನೋವು ಇರದಿದ್ರೂ ಇಸಿಜಿ ತಗಿಸ್ರಿ" ಎಂದರು.

"ನೋವಿಲ್ಲದ ಬ್ಯಾನಿ ಹುಡಕಾಕ ನಾ ಏನ್ ಫೌಜದಾರ ಏನ್ರಿ?"

ಅವರ ಹೆಂಡತಿ, ನಮ್ಮ ಕಾಕು, ಅತ್ತು ಕರೆದ ಮೇಲೆ ಕಾಕಾ ನನ್ನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೊರಟರು. ಇಸಿಜಿ ಕೋಣೆಯ ಬಾಗಿಲಲ್ಲಿದ್ದ ನರ್ಸಬಾಯಿ, "ಅಂಗಿ ಕಳೀರಿ. ಕೊರಳಾಗಿನ ಬೆಳ್ಳಿನೂ ತಗದಿಡ್ರಿ" ಎಂದು ಹೇಳಿ ಆಚೆ ಹೋದಳು. ಕಾಕಾನ ಮುಖ ಬಿಳಿಚಿತು. ಕೊರಳಲ್ಲಿದ್ದದ್ದು ಇಷ್ಟಲಿಂಗವಿಟ್ಟ ಬೆಳ್ಳಿ ಕರಡಿಗೆ.

"ಮೈಯಿಂದ ಲಿಂಗ ಬ್ಯಾರೆ ಆದ್ರ ನಾ ಸತ್ತಂಗಲೇ" ಎಂದು ನನ್ನನ್ನು ಪಕ್ಕಕ್ಕೆ ಎಳೆದರು. ನಾನೋ, ಲಿಂಗವನ್ನು ದೇವರ ಜಗುಲಿಯ ಮೇಲಿಟ್ಟು ತಿರುಗುವವನು. ಅದಕ್ಕಾಗಿ ಅವರಿಂದ ದಿನವೂ ಬೈಸಿಕೊಂಡವನು. "ಇವತ್ತ ನಿನ್ನ ಬರಿಗೊರಳು ಉಪಯೋಗಕ್ಕ ಬಂತು ನೋಡು! ಹೋಗಿ ಮಲ್ಕೋ!"

"ಕಾಕಾ, ಇದು ಸರಿ ಅಲ್ರಿ..."

"ನಿನ್ನ ಎದಿ ನನ್ನ ಎದಿ ಬ್ಯಾರೆ ಏನಲೇ?"

ಒಳಗಿದ್ದ ಯಂತ್ರದವನು ಚೀಟಿಯ ಹೆಸರು ನೋಡಿದ, ಮುಖ ನೋಡಲಿಲ್ಲ. ಮೂವತ್ತರ ನನ್ನ ಎದೆ ಐವತ್ತೈದರ ಕಾಕಾನ ಹೆಸರಿನಲ್ಲಿ ಪಾಸಾಯಿತು. "ಎದಿ ಛಲೋ ಐತಿ" ಎಂದು ಡಾಕ್ಟರು ಬರೆದುಕೊಟ್ಟ ಇಸಿಜಿ ಪಟ್ಟಿಯನ್ನು ಕಾಕಾ ಟಿಕೋಟಾಕ್ಕೆಲ್ಲ ತೋರಿಸಿದರು, ತೊರವಿಯ ಬೀಗರಿಗೂ ತೋರಿಸಿದರು. ಬಗಲಲ್ಲಿ ನಿಂತು ನಾನೂ ನಕ್ಕೆ. ನಕ್ಕೆನಲ್ಲ!

ನಾಲ್ಕು ತಿಂಗಳ ಮೇಲೆ ಒಂದು ಮುಂಜಾನೆ, ಪೂಜೆ ಮುಗಿಸಿ, "ಯಾಕೋ ಬೆವರು ಬರಾಕತ್ತೈತಿ" ಎಂದು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ನೋವೆಂದು ಒಂದು ಮಾತೂ ಆಡಲಿಲ್ಲ. ಕಾಕು ಆ ಪಟ್ಟಿಯನ್ನು ಹಿಡಿದುಕೊಂಡು ನನ್ನ ಮುಂದೆ ನಿಂತರು.

"ಎದಿ ಛಲೋ ಐತಿ ಅಂತ ಬರದಾರಲ್ಲೋ ತಮ್ಮಾ. ಮತ್ತ ಇದು ಹ್ಯಾಂಗಾತೋ?"

ನಾನು ಹೇಳಲಿಲ್ಲ. ಕಾಕು ಇರುವ ತನಕವೂ ಹೇಳಲಿಲ್ಲ.

ಮಣ್ಣು ಕೊಡುವ ಮೊದಲು ಮಠದ ಅಯ್ಯನವರು ಕರಡಿಗೆ ಬಿಚ್ಚಿ, ಲಿಂಗವನ್ನು ಕಾಕಾನ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ದಿನವೂ ಪೂಜೆಯಲ್ಲಿ ಅದು ಇರುತ್ತಿದ್ದದ್ದು ಅಲ್ಲೇ. ಖಾಲಿ ಬೆಳ್ಳಿ ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು.

ಆ ನರ್ಸಬಾಯಿ ಅಂದು ತೆಗೆದಿಡಲು ಹೇಳಿದ್ದು ಈ ಬೆಳ್ಳಿಯನ್ನಷ್ಟೇ, ಕಾಕಾ. ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನೀವು ಮಲಗಬಹುದಿತ್ತೇನೋ. ನಾನು ಆಕೆಯನ್ನು ಒಂದು ಮಾತು ಕೇಳಲಿಲ್ಲ.