ಮಾವನ ಕಾರಿನ ಟಿಕ್ ಟಿಕ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ನನಗೆ ಮೀಸೆ ಇಲ್ಲ ಅನ್ನುವುದು ಬೇರೆ ವಿಷಯ.

ನಮ್ಮ ಬೀದಿಯ ವಾಚು ರಿಪೇರಿಯವನಿಗೆ ಅವನ ಮಾವ ಮದುವೆಯಾದಾಗಿನಿಂದ ಒಂದು ಕೊಡೆಯನ್ನೂ ಎರವಲು ಕೊಟ್ಟವರಲ್ಲ. ಅಂಥವರು ಅವತ್ತು ಬೆಳಿಗ್ಗೆ ತಾವಾಗಿಯೇ ಬಂದು, "ಸಂಜೆ ತನಕ ಇಟ್ಕೊಳ್ಳಿ ಅಳಿಯಂದ್ರೇ" ಎಂದು ಕಾರಿನ ಕೀ ಕೈಗಿಟ್ಟು ಹೋದರು.

ಹೆಂಡತಿಗೆ ಕಣ್ಣೀರೇ ಬಂತು. "ಅಪ್ಪ ಇವತ್ತು ನಿಮ್ಮನ್ನ ಮನುಷ್ಯ ಅಂತ ಲೆಕ್ಕಕ್ಕೆ ತಗೊಂಡಿದ್ದಾರೆ. ಕಾರು ಹೆಂಗಿತ್ತೋ ಹಂಗೇ ವಾಪಸ್ ಹೋಗ್ಬೇಕು, ಅಷ್ಟೇ."

ಬೀದಿ ದಾಟುವಷ್ಟರಲ್ಲಿ ಬಾನೆಟ್ಟಿನೊಳಗೆ ಟಿಕ್ ಟಿಕ್ ಶುರುವಾಯಿತು. ಬೇರೆಯವರಾಗಿದ್ದರೆ ರೇಡಿಯೋ ಹಾಕಿಕೊಳ್ಳುತ್ತಿದ್ದರು. ಇವನಿಗೆ ಟಿಕ್ ಟಿಕ್ಕೇ ಅನ್ನ. ಆದರೆ ಈ ಟಿಕ್ ಟಿಕ್ಕಿಗೆ ತಾಳವೇ ಇಲ್ಲ. ಒಮ್ಮೆ ಓಡುತ್ತದೆ, ಒಮ್ಮೆ ತೆವಳುತ್ತದೆ, ಒಮ್ಮೆ ಮುನಿಸಿಕೊಂಡ ನಾದಿನಿಯಂತೆ ಬಾಯಿ ಮುಚ್ಚುತ್ತದೆ. ಕೆಟ್ಟ ಗಡಿಯಾರ ನುಂಗಿದವನಂತೆ ಚಡಪಡಿಸಿದ.

ಅಂಗಡಿ ಮುಂದೆ ಕಾರು ನಿಲ್ಲಿಸಿ ಒದ್ದಾಡುವುದನ್ನು ನೋಡಿ ಪಕ್ಕದ ಟೈಲರು ಕೊನೆಗೂ ಎದ್ದು ಬಂದು, ಅಷ್ಟರಲ್ಲಿ ತಣ್ಣಗಾಗಿದ್ದ ಇಂಜಿನ್ ಶುರುಮಾಡಿಸಿ ಕಿವಿಯಿಟ್ಟ. ಟಿಕ್ ಟಿಕ್ ಸದ್ದೇ ಇಲ್ಲ.

"ದಿನವಿಡೀ ಗಡಿಯಾರದ ಮಧ್ಯೆ ಕೂರ್ತೀಯಲ್ಲ, ಅದು ನಿನ್ನ ತಲೆ ಒಳಗಿರೋದು" ಎಂದ.

ಎದುರುಮನೆಯ ರಿಟೈರ್ಡ್ ಬಸ್ ಡ್ರೈವರು ಮಾತ್ರ ಬಿಸಿಯಾಗುವವರೆಗೂ ಕಾಯಿಸಿದರು. ಬಿಸಿಯಾಯಿತು, ಟಿಕ್ ಟಿಕ್ ಬಂತು. ಇದು ಇಂಜಿನ್ನಿನ ಕೊನೆಯುಸಿರು ಎಂದು ತೀರ್ಪು ಕೊಟ್ಟು ಅವರು ಚಹಾ ಕುಡಿಯಲು ಹೋದರು.

ವಾಚಿನವನು ತಾನೇ ಬಾನೆಟ್ಟಿನೊಳಗೆ ಬಗ್ಗಿದ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸದ್ದಿನ ಜಾಡು ಹಿಡಿದು ಹೋದರೆ, ಒಂದು ಪುಟ್ಟ ವಾಲ್ವು. ಅದರ ವೈರಿನ ಪ್ಲಗ್ಗು ಎಳೆದ. ಟಿಕ್ ಟಿಕ್ ನಿಂತಿತು. ಟೈಲರು ಬೆನ್ನು ತಟ್ಟಿದ. ತಟ್ಟಿದ ಕೈ ಕೆಳಗಿಳಿಯುವ ಮೊದಲೇ ಸ್ಟೇರಿಂಗಿನ ಹಿಂದೆ, ಇಂಜಿನ್ನಿನಲ್ಲಿ ಏನೋ ಕೆಟ್ಟಿದೆ ಎನ್ನುವ ಹಳದಿ ದೀಪ ಹೊತ್ತಿಕೊಂಡಿತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಒಮ್ಮೆ ಬಾನೆಟ್ಟು ನೋಡಿದ, ಒಮ್ಮೆ ಇವನ ಮುಖ ನೋಡಿದ.

"ಟ್ಯಾಂಕಲ್ಲಿ ಪೆಟ್ರೋಲು ಆವಿಯಾಗುತ್ತಲ್ಲ, ಅದನ್ನ ಒಂದು ಇದ್ದಿಲಿನ ಡಬ್ಬಿ ಹಿಡಿದಿಟ್ಕೊಳ್ಳುತ್ತೆ. ಇಂಜಿನ್ ಬಿಸಿಯಾದ್ಮೇಲೆ ಕಂಪ್ಯೂಟರು ಈ ವಾಲ್ವ್ ತೆಗೆದು, ಮುಚ್ಚಿ, ತೆಗೆದು, ಮುಚ್ಚಿ, ಆ ಆವಿನ ಇಂಜಿನ್ನಿಗೆ ದಕ್ಕುವಷ್ಟೇ ಕುಡಿಸುತ್ತೆ. ಮಗುಗೆ ಚಮಚದಲ್ಲಿ ಕುಡಿಸ್ದಂಗೆ. ಗಡಿಯಾರದ ಥರ ಒಂದೇ ಸಮ ಸುರಿದ್ರೆ ಕಕ್ಕುತ್ತೆ. ಸದ್ದು ಇರ್ಬೇಕು ಸಾರ್."

ಪ್ಲಗ್ಗು ಸಿಕ್ಕಿಸಿ ದೀಪ ಆರಿಸಿಕೊಟ್ಟ. ದಾರಿಯುದ್ದಕ್ಕೂ ಅದೇ ಟಿಕ್ ಟಿಕ್ ಇವನಿಗೆ ಸಂಗೀತವಾಗಿ ಕೇಳಿತು. ಹೆಂಗಿತ್ತೋ ಹಂಗೇ!

ತಮ್ಮ ಮನೆ ಮುಂದೆ ಮಾವ ಕೀ ಇಸಿದುಕೊಳ್ಳುವ ಮೊದಲೇ ಬಾನೆಟ್ಟಿಗೆ ಕಿವಿಯಿಟ್ಟರು. ಮುಖ ಇಳಿಯಿತು.

"ಇನ್ನೂ ಬರ್ತಿದೆಯಲ್ರೀ."

"ಏನು ಮಾವ?"

"ಟಿಕ್ ಟಿಕ್. ಯಾವ ಮೆಕ್ಯಾನಿಕ್‌ನ ಕೇಳಿದ್ರೂ ಅದು ಇರ್ಬೇಕು ಅಂತ ಸಾಗಹಾಕ್ತಾನೆ. ಅಳಿಯ ವಾಚಿನವನು, ಕಿವಿಗೆ ಬಿದ್ರೆ ನಿಲ್ಲಿಸದೇ ಬಿಡಲ್ಲ ಅಂತ್ಲೇ ಕಾರು ಕೊಟ್ಟಿದ್ದು. ಅದೂ ಆಗ್ಲಿಲ್ಲ ನಿಮ್ಮ ಕೈಲಿ."

"ನಿಲ್ಲಿಸಿದ್ದೆ ಮಾವ, ನಿಮ್ಮಾಣೆ ನಿಲ್ಲಿಸಿದ್ದೆ. ಆಮೇಲೆ ಆ ಇದ್ದಿಲಿನ ಡಬ್ಬಿಯಿಂದ ಆವಿನ ಚಮಚದಲ್ಲಿ ಕುಡಿಸ್ಬೇಕು ಅಂತ ಮೆಕ್ಯಾನಿಕ್ಕು ವಾಪಸ್—"

ಚಮಚದವರೆಗೆ ಕೇಳಿದ ಮಾವ ಕೀ ಜೇಬಿಗಿಳಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.