ನನ್ನ ದವಡೆಯೂ ಮಗಳ ಓಲೆಯೂ

ನಲವತ್ತೇಳು ತುಂಬಿದ ದಿನ ನಾನೊಂದು ಘನವಾದ ನಿರ್ಧಾರ ಕೈಗೊಂಡೆ: ಇನ್ನು ಮೇಲೆ ಸಂತೋಷವಾಗಿ ಮುದುಕನಾಗುವುದು. ಕಝಾಕಿಸ್ತಾನದ ನಮ್ಮ ಶಿಮ್ಕೆಂಟಿನಲ್ಲಿ ನನ್ನ ವಾರಿಗೆಯ ಗಂಡಸರೆಲ್ಲ ತಲೆಗೆ ಬಣ್ಣ ಬಳಿದು, ಹೊಟ್ಟೆಗೆ ಪಟ್ಟಿ ಬಿಗಿದು, ಉಸಿರು ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅಂಥವನಲ್ಲ. ವಯಸ್ಸು ಬರುತ್ತದೆಯೋ, ಬರಲಿ. ಕರೆದು ಕೂರಿಸಿ ಚಹಾ ಕೊಡೋಣ ಎನ್ನುವ ಪೈಕಿ.

"ವಯಸ್ಸನ್ನ ಅಪ್ಕೊಳ್ಬೇಕು ಕಣೇ" ಎಂದು ಹೆಂಡತಿ ಕುಲ್ಯಾಶ್‌ಗೆ ಹೇಳಿದೆ.

"ಅಪ್ಕೊಳ್ಳಿ, ನಾನೇನು ಅಡ್ಡ ಬಂದ್ನಾ? ಮೊದಲು ಆ ಕನ್ನಡಿ ಬಿಟ್ಟು ಈಚೆ ಬನ್ನಿ" ಎಂದಳು.

ನಾನು ಕನ್ನಡಿಯ ಮುಂದೆ ನಿಂತಿದ್ದು ನಿಜ. ನೋಡುತ್ತಿದ್ದುದು ನರೆಗೂದಲನ್ನಲ್ಲ, ದವಡೆಯನ್ನು. ನನ್ನ ಕೆಳದವಡೆ ಮೇಲಿನದಕ್ಕಿಂತ ಒಂದು ಬೆರಳು ಮುಂದಿತ್ತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅದು ಒಳಗೆ ಬಂದು ಕೂತಿರುತ್ತಿತ್ತು. ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯಲು ಬರುವವರು ಬೆನ್ನ ಹಿಂದೆ ನನ್ನನ್ನು ‘ಬಂಪರ್’ ಎನ್ನುತ್ತಿದ್ದರು. (ಮುಂದೆ ಎನ್ನಲು ಧೈರ್ಯವಿರಲಿಲ್ಲ, ಬ್ರೇಕು ನನ್ನ ಕಾಲಡಿಯಲ್ಲಿತ್ತಲ್ಲ.) ಮುಂದಿನ ಹಲ್ಲುಗಳು ಜನ್ಮದಲ್ಲಿ ಒಮ್ಮೆಯೂ ಪರಸ್ಪರ ಭೇಟಿಯಾದವಲ್ಲ. ಎಲ್ಲ ಕೆಲಸ ಹಿಂದಿನ ಹಲ್ಲುಗಳ ಮೇಲೇ ಬಿದ್ದು ಅವು ಸವೆದಿದ್ದವು, ಕಿವಿಯ ಹತ್ತಿರ ಕೀಲು ಕಟಕಟ ಎನ್ನುತ್ತಿತ್ತು.

ಹಲ್ಲಿನ ಡಾಕ್ಟರಮ್ಮ ಫೋಟೋ ತೆಗೆದು, ಕೆಳದವಡೆಯನ್ನು ಕತ್ತರಿಸಿ ಹಿಂದಕ್ಕೆ ಸರಿಸಿ, ಸ್ಕ್ರೂ ಹಾಕಬೇಕು ಎಂದರು. ಆಕೆ ನನ್ನ ಹತ್ತಿರವೇ ಕಾರು ಕಲಿತು ಎರಡು ಸಲ ಫೇಲಾದವರು. ಹಿಂದಕ್ಕೆ ಸರಿಸುವುದರಲ್ಲೇ ಫೇಲಾಗಿದ್ದು.

"ಬೆಳವಣಿಗೆ ನಿಂತ ಮೇಲೇನೇ ಈ ಆಪರೇಷನ್ ಮಾಡೋದು ಮೇಷ್ಟ್ರೇ. ನಿಮ್ಮ ವಯಸ್ಸಲ್ಲಿ ಅದರದ್ದೇನೂ ಚಿಂತೆ ಇಲ್ಲ" ಎಂದರು.

"ಇವರದ್ದು ಎಂದೋ ನಿಂತಿದೆ" ಎಂದು ಕುಲ್ಯಾಶ್ ಖಾತರಿ ಕೊಟ್ಟಳು.

ಸಂತೋಷವಾಗಿ ಮುದುಕನಾಗುವವನಿಗೆ ದವಡೆ ಕತ್ತರಿಸಿಕೊಳ್ಳುವ ದರ್ದು ಏನು ಎಂದು ನೀವು ಕೇಳಬಹುದು. ಮುಪ್ಪಿಗೆ ಗಟ್ಟಿಯಾದ ಅಡಿಪಾಯ ಹಾಕುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ಒಂದು ವರ್ಷ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಓಡಾಡಿದೆ. ಆಪರೇಷನ್ನಿನ ದಿನ ಬಂದದ್ದು ಸರಿಯಾಗಿ ನನ್ನ ಗಂಡಾಂತರದ ವರ್ಷದಲ್ಲಿ. (ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ವರ್ಷದಲ್ಲಿ ನಮ್ಮವರು ಉಗುರನ್ನೂ ಹೆದರಿಕೊಂಡೇ ಕತ್ತರಿಸುತ್ತಾರೆ.) ಆದರೂ ಹೋಗಿ ಮಲಗಿದೆ. ಎದ್ದಾಗ ಮುಖ ಕುಂಬಳಕಾಯಿಯಾಗಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರು ಬಿಗಿದಿದ್ದರು. ಆರು ವಾರ ಅಗಿಯುವಂತಿಲ್ಲ, ಬಾಯಿ ತೆರೆಯುವಂತಿಲ್ಲ; ಊಟವೆಲ್ಲ ಸೂಜಿ ಇಲ್ಲದ ಸಿರಿಂಜಿನಲ್ಲಿ. "ಇಪ್ಪತ್ತೈದು ವರ್ಷದಲ್ಲಿ ಈ ಮನೇಲಿ ಇಷ್ಟು ಶಾಂತಿ ನೋಡಿರ್ಲಿಲ್ಲ" ಎಂದು ಕುಲ್ಯಾಶ್ ಅಕ್ಕಪಕ್ಕದವರಿಗೆಲ್ಲ ಹೇಳಿ ಬಂದಳು.

ಮೂರನೆಯ ವಾರ ಫೋನು ಬಂತು. ನಮ್ಮ ಮಗಳು ಮೊಲ್ದಿರ್ ಒಲಿದ ಹುಡುಗ ಸಂಝಾರನ ಅಪ್ಪ ತೊಕ್ತಾರ್ ಮಾತಾಡಿದರು. ಅವರ ತಾಯಿ, ಎಂಬತ್ನಾಲ್ಕರ ಬಾಲ್‌ಝಾನ್ ಅಜ್ಜಿ, ಬುಧವಾರ ಒಳ್ಳೆಯ ದಿನ, ಹುಡುಗಿಗೆ ಓಲೆ ತೊಡಿಸಿ ಬರೋಣ ಎಂದು ಅಪ್ಪಣೆ ಕೊಡಿಸಿದ್ದರಂತೆ.

ಕುಲ್ಯಾಶ್ ಫೋನಿಟ್ಟು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಓಲೆ ತೊಡಿಸುವುದೆಂದರೆ ನಮ್ಮಲ್ಲಿ ಹೆಣ್ಣು ಗೊತ್ತುಮಾಡುವುದು, ಅದೇನೋ ಸರಿ. ಅದರ ಹಿಂದೆಯೇ ಕುರಿಯ ಬಾಲದ ಕೊಬ್ಬು ಮತ್ತು ಲಿವರ್ ಬರುತ್ತದೆ. ನಮ್ಮಲ್ಲಿ ಸಂಬಂಧ ಕುದುರುವುದು ಕಾಗದದಿಂದಲ್ಲ, ಮಾತಿನಿಂದಲೂ ಅಲ್ಲ. ಎರಡು ಕಡೆಯ ಅಪ್ಪ ಅಮ್ಮ ಆ ಬಾಲ-ಲಿವರ್ ತಿಂದರೆ ಬೀಗರು, ತಿನ್ನದಿದ್ದರೆ ದಾರಿಹೋಕರು. ಅದನ್ನೂ ನಾವೇ ತಟ್ಟೆಯಿಂದ ಎತ್ತಿ ತಿನ್ನುವಂತಿಲ್ಲ. ಆ ಕಡೆಯ ಹೆಂಗಸು ಅಂಗಿಯ ತೋಳು ಮಡಚಿಕೊಂಡು ಬಂದು, ಹಿಡಿ ತುಂಬ ತೆಗೆದು ಬಾಯಿಗೆ ತುರುಕಿ, ಉಳಿದದ್ದನ್ನೂ ಹುಳಿ ಮೊಸರನ್ನೂ ಮುಖಕ್ಕೆ ಮೆತ್ತುತ್ತಾಳೆ. ನನ್ನ ದವಡೆಯಲ್ಲಿ ಎಂಟು ಸ್ಕ್ರೂಗಳಿದ್ದವು.

"ಇದ್ದದ್ದು ಇದ್ದ ಹಾಗೆ ಹೇಳ್ಬಿಡೋಣ ರೀ. ಆಪರೇಷನ್ ಆಗಿದೆ, ಮುಂದಿನ ತಿಂಗಳು ಬನ್ನಿ ಅಂತ."

"ಬೇಡ" ಎಂದೆ ಬಿಗಿದ ಹಲ್ಲುಗಳ ಸಂದಿಯಿಂದ. ಮೂರು ವಾರದಲ್ಲಿ ನನ್ನ ಈ ಭಾಷೆ ಮನೆಯವರಿಗೆ ಅರ್ಥವಾಗುವಷ್ಟು ಪಳಗಿತ್ತು. "ಅಪ್ಪನ ಮೂಳೆ ಡೊಂಕು, ರಿಪೇರಿ ಮಾಡಿಸಿದಾರೆ ಅಂತಾರೆ. ಮಗಳದ್ದೂ ಅದೇ ಮೂಳೆ. ಹುಟ್ಟೋ ಮಕ್ಕಳದ್ದೂ ಅದೇ. ಅಲ್ಲಿಗೆ ಮುಗೀತು."

"ಅಪ್ಪ, ನನ್ನ ದವಡೆ ನನ್ನ ಮುಖದಲ್ಲೇ ಇದೆ" ಎಂದಳು ಮೊಲ್ದಿರ್. "ಬರೋರಿಗೇನು ಕಣ್ಣಿಲ್ವಾ?"

"ನೀನು ಬಿಳಿ ಶಾಲು ಹೊದ್ಕೊಂಡು ತಲೆ ತಗ್ಗಿಸಿ ಕೂತಿರು."

"ಎಷ್ಟು ವರ್ಷ?"

ಎರಡು ವರ್ಷದ ಹಿಂದೆ ಒಂದು ಮನೆಯವರು ಬಂದು, ನಾಲ್ಕು ಬಟ್ಟಲು ಚಹಾ ಕುಡಿದು, ಒಮ್ಮೆ ನನ್ನ ಮುಖ ಒಮ್ಮೆ ಅವಳ ಮುಖ ನೋಡಿ ಹೋದವರು ತಿರುಗಿ ಫೋನು ಮಾಡಲಿಲ್ಲ. ಅವತ್ತು ಅವಳೇ ಆ ಬಟ್ಟಲುಗಳನ್ನೆಲ್ಲ ತೊಳೆದಿಟ್ಟಳು. ನಮ್ಮಪ್ಪ ನನಗೆ ಕೊಟ್ಟ ಆಸ್ತಿ ಈ ದವಡೆಯೊಂದೇ, ನಾನು ಅವಳಿಗೆ ಕೊಟ್ಟದ್ದೂ ಅದೇ. ಆ ಸಂಕಟ ನನ್ನ ಎದೆಯಲ್ಲಿ ಹಾಗೇ ಕೂತಿತ್ತು. ಈ ಸಲ ನನ್ನಿಂದಾಗಿ ತಪ್ಪಿಹೋದರೆ ಅವಳ ಮುಖ ನೋಡುವ ಧೈರ್ಯ ನನಗೆ ಉಳಿಯುತ್ತಿರಲಿಲ್ಲ.

"ಹಲ್ಲು ಕೀಳಿಸಿದೀನಿ ಅನ್ನೋಣ" ಎಂದೆ. ಬಾಲ-ಲಿವರಿಗೂ ಉಪಾಯ ಹೂಡಿದೆ. ಅವರು ತುರುಕುವ ಮೊದಲೇ ನಾನೇ ಒಂದು ಚೂರು ಎತ್ತಿಕೊಂಡು, ತುಟಿಯ ಹತ್ತಿರ ತಂದು, ಕರವಸ್ತ್ರಕ್ಕೆ ಬೀಳಿಸಿ, ಗಂಟಲು ಕುಣಿಸಿ ನುಂಗಿದಂತೆ ಮಾಡುವುದು. ಎರಡು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.

"ಅದಕ್ಕಿಂತ ನಿಜ ಹೇಳೋದು ಸುಲಭ" ಎಂದಳು ಕುಲ್ಯಾಶ್. ಹೆಂಡತಿಯ ಮಾತು ಕೇಳಿ ಕೆಟ್ಟವರುಂಟೆ? ಕೇಳದೆ ಕೆಟ್ಟವರ ಕಥೆ ಮುಂದಿದೆ.

ಬುಧವಾರ ಆರು ಜನ ಬಂದರು. ಬಾಲ್‌ಝಾನ್ ಅಜ್ಜಿ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ, ಮೂರು ದಿಂಬಿಗೆ ಒರಗಿ ಕೂತರು. ಬಂದಾಗಿನಿಂದ ನನ್ನನ್ನೇ ನೋಡುತ್ತಿದ್ದರು. ನಾನು ಊದಿದ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರೆ ಅಜ್ಜಿಯ ಕತ್ತೂ ಜೊತೆಗೆ ತಿರುಗುತ್ತಿತ್ತು.

"ಬೀಗರು ಮಾತೇ ಆಡ್ತಿಲ್ವಲ್ಲ" ಎಂದರು ತೊಕ್ತಾರ್.

"ಹಲ್ಲು ಕೀಳಿಸಿದಾರೆ" ಎಂದಳು ಕುಲ್ಯಾಶ್.

"ಎಷ್ಟು ಹಲ್ಲು?" ಎಂದರು ಅಜ್ಜಿ.

ಕುಲ್ಯಾಶ್ "ಎರಡು" ಎಂದಳು. ಅದೇ ಹೊತ್ತಿಗೆ ನಾನು ಕೈಯಲ್ಲಿ ನಾಲ್ಕು ಬೆರಳು ತೋರಿಸಿದ್ದೆ. ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟರು.

ಅಜ್ಜಿಯ ಕೈಯಾರೆ ಮೊಲ್ದಿರ್ ಕಿವಿಗೆ ಬೆಳ್ಳಿಯ ಓಲೆ ಬಿತ್ತು. ಮಗಳು ನಾನು ಹೇಳಿದಂತೆ ತಲೆ ತಗ್ಗಿಸಿಯೇ ಇದ್ದಳು. ಅಷ್ಟರಲ್ಲಿ ಹುಡುಗನ ಸೋದರತ್ತೆ ಝಾನಿಲ್, ಸಾಮೂಹಿಕ ಅಡುಗೆಗೆ ನಿಂತವರಂತೆ ಎರಡೂ ತೋಳು ಮಡಚಿಕೊಂಡು, ಬಟ್ಟಲು ಹಿಡಿದು ಎದ್ದರು. ಬಿಳಿಯ ಕೊಬ್ಬಿನ ಚೂರು, ಕಂದು ಲಿವರ್, ಮೇಲೆ ಹುಳಿ ಮೊಸರು. ಮೊದಲು ಕುಲ್ಯಾಶ್‌ಗೆ ತುರುಕಿದರು. ಅವಳು ಎರಡು ಹಿಡಿ ನುಂಗಿ, ಮುಖಕ್ಕೆ ಮೊಸರು ಮೆತ್ತಿಸಿಕೊಂಡು ನಕ್ಕಳು. ಝಾನಿಲ್ ನನ್ನ ಕಡೆ ತಿರುಗಿದರು. ಆ ಮುಷ್ಟಿ ನೋಡಿದೊಡನೆ ದವಡೆಯ ಎಂಟು ಸ್ಕ್ರೂಗಳೂ ತಣ್ಣಗಾದವು.

ನಾನು ಪಟ್ಟನೆ ಕೈ ಚಾಚಿ ಒಂದು ಚೂರು ಎತ್ತಿಕೊಂಡೆ. ತುಟಿಗೆ ತಂದೆ, ಕರವಸ್ತ್ರ ಹಿಡಿದೆ, ಬೀಳಿಸಿದೆ, ಗಂಟಲು ಕುಣಿಸಿದೆ. ಹೊಟ್ಟೆ ಸವರಿಕೊಂಡು ತೃಪ್ತಿಯ ನಿಟ್ಟುಸಿರನ್ನೂ ಬಿಟ್ಟೆ.

ಯಾರೂ ನಗಲಿಲ್ಲ, ಯಾರೂ ಹರಸಲಿಲ್ಲ. ಎಲ್ಲರೂ ನನ್ನ ಗದ್ದವನ್ನೇ ನೋಡುತ್ತಿದ್ದರು. ಕುಲ್ಯಾಶ್ ಕಣ್ಣಿನಲ್ಲೇ ಏನೋ ಹೇಳುತ್ತಿದ್ದಳು. ಆಪರೇಷನ್ ಆದಮೇಲೆ ನನ್ನ ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವಿರಲಿಲ್ಲ. ಕನ್ನಡಿ ಇಲ್ಲದಿದ್ದರೆ ಅಲ್ಲಿ ಏನಿದೆಯೆಂದು ನನಗೆ ತಿಳಿಯುತ್ತಿರಲಿಲ್ಲ. ಕರವಸ್ತ್ರ ಬಿಡಿಸಿ ನೋಡಿದೆ. ಖಾಲಿ! ಲಿವರಿನ ಚೂರು ಮೊಸರಿನ ಸಹಾಯದಿಂದ ನನ್ನ ಗದ್ದಕ್ಕೆ ಅಂಟಿಕೊಂಡು, ಸಕಲರಿಗೂ ದರ್ಶನ ಕೊಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ಗದ್ದದವರೆಗೆ ಬಂದು ನಿಂತಿತ್ತು.

"ಇವನು ನುಂಗ್ಲಿಲ್ಲ" ಎಂದರು ಅಜ್ಜಿ.

ತೊಕ್ತಾರ್ ಮುಖ ಕೆಂಪಗಾಯಿತು. "ಮನಸ್ಸಿಲ್ದಿದ್ರೆ ಫೋನಲ್ಲೇ ಹೇಳ್ಬಹುದಿತ್ತು, ಝೈನೊಲ್ಲಾ ಅವರೇ. ನಮ್ಮ ತಾಯಿ ಈ ವಯಸ್ಸಲ್ಲಿ ಐದು ಗಂಟೆ ಕಾರಲ್ಲಿ ಕೂತು ಬಂದಿದಾರೆ" ಎನ್ನುತ್ತ ಎದ್ದು ಟೋಪಿಗೆ ಕೈ ಹಾಕಿದರು. ಅವರು ಎದ್ದದ್ದನ್ನು ನೋಡಿ ಉಳಿದವರೂ ಎದ್ದರು.

ನಾನು ಮಗಳ ಕಡೆ ನೋಡಿದೆ. ಮೊಲ್ದಿರ್ ಅಳಲಿಲ್ಲ. ಎರಡೂ ಕೈ ಎತ್ತಿ, ಬಲಗಿವಿಯ ಓಲೆಯ ಕೊಕ್ಕೆ ಬಿಚ್ಚತೊಡಗಿದಳು. ಅವತ್ತು ಬಟ್ಟಲು ತೊಳೆದಳಲ್ಲ, ಅದೇ ಮುಖ.

ನನ್ನ ಮಾನ, ಉಪಾಯ, ಎಲ್ಲ ಸುಟ್ಟುಹೋಗಲಿ ಎನ್ನಿಸಿತು. ಅಜ್ಜಿಯ ಮುಂದೆ ಮೊಣಕಾಲೂರಿ ಕೂತು, ಎರಡು ಬೆರಳಿಂದ ಕೆಳತುಟಿಯನ್ನು ಕೆಳಗೆ ಎಳೆದು, ತಂತಿ, ರಬ್ಬರು, ಹೊಲಿಗೆ, ಎಲ್ಲ ಪ್ರದರ್ಶನಕ್ಕಿಟ್ಟೆ.

ಕುಲ್ಯಾಶ್ ತಡೆದಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿದಳು. "ಹಲ್ಲಲ್ಲ ಅಜ್ಜಿ, ದವಡೆ! ದವಡೆನೇ ಕತ್ತರಿಸಿ ಹಿಂದಕ್ಕೆ ಇಟ್ಟಿದಾರೆ. ಹೇಳ್ಬಿಡೋಣ ಅಂತ ಬಡ್ಕೊಂಡೆ. ನಮ್ಮ ದವಡೆ ನೋಡಿ ಹುಡುಗಿ ಬೇಡ ಅಂದ್ಬಿಡ್ತೀರಿ ಅಂತ ಇವರಿಗೆ ಹೆದರಿಕೆ. ಅವಳದ್ದೂ ಅಪ್ಪನ ದವಡೆನೇ. ಈಗ ಹೇಳ್ದೆ, ಏನು ಮಾಡ್ತೀರೋ ಮಾಡಿ."

ಅಜ್ಜಿ ಕನ್ನಡಕ ಹಾಕಿಕೊಂಡರು. ನನ್ನ ಬಾಯನ್ನು ನೋಡಿದರು, ಗದ್ದವನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ತೊಕ್ತಾರ್ ಟೋಪಿ ಹಿಡಿದು ನಿಂತೇ ಇದ್ದರು.

"ಕತ್ತರಿಸ್ಬಿಟ್ಯಾ?" ಎಂದರು ಅಜ್ಜಿ. ಧ್ವನಿಯಲ್ಲಿ ಸಾವಿನ ಮನೆಯ ಶೋಕವಿತ್ತು. "ಆ ದವಡೇನ ಕತ್ತರಿಸ್ಬಿಟ್ಯಾ, ಮುಟ್ಠಾಳ?"

ನಾನು ತಲೆಯಾಡಿಸಿದೆ.

"ನಮ್ಮೋರನ್ನ ಒಂದ್ಸಲ ನೋಡು."

ನೋಡಿದೆ. ಗಾಬರಿಯಲ್ಲಿ ಇಷ್ಟು ಹೊತ್ತು ಗಮನಿಸಿಯೇ ಇರಲಿಲ್ಲ. ತೊಕ್ತಾರರ ತುಟಿ ಮುಗಿದಲ್ಲೇ ಕತ್ತು ಶುರುವಾಗುತ್ತಿತ್ತು. ನಡುವೆ ಇರಬೇಕಾದದ್ದನ್ನು ಗಡ್ಡ ಬಿಟ್ಟು ಮರೆಸಿದ್ದರು. ಝಾನಿಲ್‌ಗೆ ಆ ಅನುಕೂಲವೂ ಇರಲಿಲ್ಲ. ಬಂದ ಆರು ಜನರಲ್ಲಿ ಗದ್ದ ಎನ್ನಬಹುದಾದದ್ದು, ಮದುವೆಯಾಗಿ ಆ ಮನೆ ಸೇರಿದ ಅಜ್ಜಿಗೆ ಮಾತ್ರ.

"ಮೂರು ತಲೆಮಾರಿಂದ ನಮ್ಮ ಮನೇಲಿ ಗದ್ದ ಇಲ್ಲ ಕಣಪ್ಪ. ಒಬ್ಬನ ಮಾತೂ ಎದುರಿಗಿರೋರಿಗೆ ನಾಟೋಲ್ಲ. ಮೊಮ್ಮಗ ಈ ಹುಡುಗಿ ಫೋಟೋ ತೋರಿಸ್ದಾಗ, ಇದು ಎಲ್ಲಿಂದ ಬಂತು ನೋಡೋಣ ಅಂತ ಹೋದ ವರ್ಷ ನಿನ್ನ ಡ್ರೈವಿಂಗ್ ಶಾಲೆ ಮುಂದೆ ಬಂದು ಕಾರಲ್ಲಿ ಅರ್ಧ ಗಂಟೆ ಕೂತಿದ್ದೆ. ನೀನು ಯಾರಿಗೋ ಬೈತಿದ್ದೆ. ಆಹಾ, ಏನು ದವಡೆ! ಅದನ್ನ ನೋಡಿಯೇ ನಾನು ಒಪ್ಪಿದ್ದು. ಮುಖ ಅನ್ನೋದು ಐವತ್ತು ವರ್ಷ ಕುದಿಯೋ ಸಾರು. ಇಳಿಸೋ ಹೊತ್ತಿಗೆ ಸರಿಯಾಗಿ ಹೋಗಿ ತಣ್ಣೀರು ಸುರಿದ್ಯಲ್ಲೋ. ನನ್ನ ನೋಡು, ಎಂಬತ್ನಾಲ್ಕು. ಒಂದು ಸುಕ್ಕನ್ನೂ ಯಾರಿಗೂ ಕೊಟ್ಟಿಲ್ಲ."

"ಸಂತೋಷವಾಗಿ ವಯಸ್ಸಾಗ್ಬೇಕು ಅಂತ ಇವರೂ ಹೇಳ್ತಿದ್ರು ಅಜ್ಜಿ" ಎಂದಳು ಕುಲ್ಯಾಶ್. ಹೇಳುವ ಅಗತ್ಯವಿರಲಿಲ್ಲ.

ಅಜ್ಜಿ ನನ್ನನ್ನು ಬಿಟ್ಟು ಎದ್ದು ಮೊಲ್ದಿರ್ ಹತ್ತಿರ ಹೋದರು. ಶಾಲು ಸರಿಸಿ ಅವಳ ಗದ್ದಕ್ಕೆ ಕೈಯಿಟ್ಟು ತಲೆ ಎತ್ತಿಸಿದರು. "ಇದಕ್ಕೆ ಯಾರೂ ಕೈ ಹಚ್ಚಿಲ್ವಲ್ಲ?"

"ಇಲ್ಲ ಅಜ್ಜಿ. ನೋಯೋದಿಲ್ಲ, ಚೆನ್ನಾಗಿ ಅಗಿಯುತ್ತೆ" ಎಂದಳು ಮೊಲ್ದಿರ್, ನೇರವಾಗಿ ನೋಡಿ.

"ಇದು ನಮ್ಮ ಮನೆಗೆ ಬರೋದು. ನಿಮ್ಮಪ್ಪ ಹತ್ತಿರ ಬಂದ್ರೂ ಮುಟ್ಟಿಸ್ಬೇಡ." ಬಿಚ್ಚಿದ್ದ ಓಲೆಯನ್ನು ಅಜ್ಜಿ ತಾವೇ ಮತ್ತೆ ಸಿಕ್ಕಿಸಿದರು. ಮಗನ ಕಡೆ ತಿರುಗಿ, "ಟೋಪಿ ಕೆಳಗಿಡೋ. ಝಾನಿಲ್, ಆ ಬಾಲ-ಲಿವರ್ ಅರೆದು ತಾ. ಹಲ್ಲಿಲ್ಲದ ನಾನೇ ಅರೆಸಿಕೊಂಡು ತಿನ್ನೋದು, ಇವನಿಗೇನು ಸಂಕೋಚ?" ಎಂದರು.

ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು. ಝಾನಿಲ್ ಸಿರಿಂಜಿನಲ್ಲಿ ತುಂಬಿಕೊಂಡು, ನನ್ನ ಕೆನ್ನೆಯ ಒಳಸಂದಿಗೆ ಬಿಟ್ಟರು. ಕುರಿಯ ಕೊಬ್ಬು, ಲಿವರ್, ಹುಳಿ ಮೊಸರು ಮೂರೂ ಒಂದಾದ ಆ ದ್ರವದ ರುಚಿಯನ್ನು ವರ್ಣಿಸುವುದಿಲ್ಲ. ನುಂಗಿದೆ. ಎಲ್ಲರ ಎದುರಿಗೆ, ಕೊನೆಯ ತೊಟ್ಟಿನವರೆಗೂ ನುಂಗಿದೆ. ತೊಕ್ತಾರ್ ನನ್ನನ್ನು ತಬ್ಬಿಕೊಂಡು ಬೀಗರೇ ಎಂದರು. ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಅವರ ತೋಳು ದವಡೆಗೆ ತಾಗಿದ್ದಕ್ಕೆ.

ಆಮೇಲೆ ಹಿರಿಯ ನೆಂಟರಿಗೆ ಸಲ್ಲುವ ಬೇಯಿಸಿದ ಕುರಿಯ ತಲೆ ಅಜ್ಜಿಯ ಮುಂದೆ ಬಂತು. ಅಜ್ಜಿ ಚಾಕು ತೆಗೆದುಕೊಂಡವರು, ತಲೆಯನ್ನು ಒಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು.

"ಇದರ ಕೆಳದವಡೆ ಎಲ್ಲಮ್ಮ?"

"ಪದ್ಧತಿ ಪ್ರಕಾರ ತೆಗೆದಿಟ್ಟೇ ತಂದಿದೀನಿ ಅಜ್ಜಿ. ನೆಂಟರ ಮುಂದೆ ದವಡೆ ಇಡೋ ಹಾಗಿಲ್ವಲ್ಲ, ಒಳಗಿದೆ" ಎಂದಳು ಕುಲ್ಯಾಶ್.

"ನೆಂಟರ ಮುಂದೆ ಬೇಡ. ನಮ್ಮ ಈ ಬೀಗನ ತಟ್ಟೆಗೆ ಹಾಕು. ಇವನಿಗೆ ಕಡಿಮೆ ಬಿದ್ದಿದೆ."

ಕುಲ್ಯಾಶ್ ಓಡಿಹೋಗಿ ತಂದಳು. (ಮದುವೆಯಾದಾಗಿನಿಂದ ಯಾವ ಕೆಲಸಕ್ಕೂ ಅವಳು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.) ಎಲ್ಲರೂ ಬಿದ್ದು ಬಿದ್ದು ನಕ್ಕರು. ಗದ್ದವಿಲ್ಲದ ತೊಕ್ತಾರ್ ನಕ್ಕರು, ಝಾನಿಲ್ ಮಡಚಿದ ತೋಳಿನಿಂದ ಕಣ್ಣು ಒರೆಸಿಕೊಂಡರು. ಮೊಲ್ದಿರ್ ಕೂಡ ತಲೆ ಎತ್ತಿ, ದವಡೆ ಮುಂದಕ್ಕೆ ಚಾಚಿ, ಕಿವಿಯ ಓಲೆ ಕುಣಿಯುವಂತೆ ನಕ್ಕಳು. ಆ ಕೋಣೆಯಲ್ಲಿ ಬಾಯಿ ಬಿಗಿದುಕೊಂಡು ಕೂತಿದ್ದವರು ಇಬ್ಬರೇ: ಡಾಕ್ಟರಮ್ಮನ ರಬ್ಬರಿನ ದೆಸೆಯಿಂದ ನಾನು, ನನ್ನ ಎದುರಿಗೆ ಕುರಿ. ಅದೂ ಪೂರ್ತಿ ಅಲ್ಲ, ದವಡೆ ಮಾತ್ರ.